ಆಚಾರ್ರ ಮೂಗು

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಸದಾ ಒತ್ತಿಕೊಂಡೇ ಇರುತ್ತಿದ್ದವು, ನಡುವೆ ಚಿಟಿಕೆ ನಶ್ಯ ಇಲ್ಲದಿದ್ದರೂ. ಅಕ್ಕಸಾಲಿ ಕೆಲಸ ಬಿಟ್ಟು ನಮ್ಮ ಕಸ ಸಂಸ್ಕರಣಾ ಘಟಕಕ್ಕೆ ಬಂದ ಬಾಬುರಾಯನಕೊಪ್ಪಲಿನ ಆಚಾರ್ರು, ನಾತ ಅಳೆಯುವ ನಾಲ್ವರಲ್ಲಿ ಒಬ್ಬರಾಗಲು ಮೂವತ್ತು ವರ್ಷದ ನಶ್ಯವನ್ನೇ ಬಿಟ್ಟಿದ್ದರು. ಯಂತ್ರ ಅನಿಲವನ್ನಷ್ಟೇ ಅಳೆಯುತ್ತದೆ. ನಾತ ಎಷ್ಟು ಕಾಡುತ್ತದೆಂದು ಹೇಳಲು ಮನುಷ್ಯರ ಮೂಗೇ ಬೇಕು. ಅಳೆಯುವ ದಿನ ಅವರಿಗೆ ಕಾಫಿ ಇಲ್ಲ, ಈರುಳ್ಳಿ ಇಲ್ಲ. ಊದುಬತ್ತಿ ಹಚ್ಚಲು ಹೊರಟ ಹೆಂಡತಿಗೂ, “ಇವತ್ತೊಂದಿನ ದೇವ್ರು ಸುಮ್ಕಿರ್ಲಿ ಬುಡು” ಎನ್ನುತ್ತಿದ್ದರಂತೆ. ಸ್ವಲ್ಪ ಹೊತ್ತು ಮೂಸಿ, ಕಬ್ಬಿನ ಗದ್ದೆ ಕಡೆ ಹೋಗಿಬಂದು ಮತ್ತೆ ಮೂಸುವರು. ಒಂದೇ ಕಡೆ ನಿಂತರೆ ಮೂಗು ಒಗ್ಗಿಬಿಡುತ್ತದೆ.

ನಾನಾಗ ಹೊಸಬಳು. ಕೈಯಲ್ಲಿ ಯಂತ್ರ, ತಲೆ ತುಂಬ ಜಂಬ. ಕಸದಿಂದ ಬಸಿಯುವ ನೀರಿನ ಗುಂಡಿಗೆ ಮುಚ್ಚಳ ಹಾಕಿಸಿ ಎಂದು ಘಟಕದ ಪಕ್ಕದಲ್ಲೇ ಇದ್ದ ಇನ್ನೊಂದು ಕೊಪ್ಪಲಿನವರು ಅರ್ಜಿ ಕೊಟ್ಟಿದ್ದರು. ಮಟಮಟ ಮಧ್ಯಾಹ್ನ ಹೋಗಿ ಅಳೆದವಳೇ ‘ತೊಂದರೆಯಿಲ್ಲ’ ಎಂದು ಬರೆದೆ. ಆಚಾರ್ರು ಸಹಿ ಹಾಕಿಬಿಟ್ಟಿದ್ದರೆ ಮುಚ್ಚಳದ ಮಾತು ಅಲ್ಲಿಗೇ ಮುಗಿಯುತ್ತಿತ್ತು.

“ಸಂಜೆ ಉಣ್ಣೋ ಒತ್ನಲ್ಲಿ ಓಗಿದ್ಯೇನವ್ವ?” ಎಂದರು.

ಅಂದೇ ಸಂಜೆ, ಬಿಸಿಲಿಗೆ ಮೇಲೇರಿದ ನಾತ ತಣ್ಣಗಾಗಿ ನೆಲಕ್ಕಿಳಿಯುವ ಹೊತ್ತಿಗೆ, ಕರೆದೊಯ್ದರು. ಕೊಪ್ಪಲಿನ ಒಂದು ಮನೆಯಾಕೆ ಮುದ್ದೆ, ಉಪ್ಸಾರು ಬಡಿಸಿ ಬಾಗಿಲು ಹಾಕಿದರು. ಆಚಾರ್ರು ಎದ್ದು ತೆಗೆದರು. ಗುಂಡಿಯ ಗಾಳಿ ಒಳಗೆ ನುಗ್ಗಿತು. ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿ ಮೂಗು ಮುಚ್ಚಿಕೊಂಡೆ.

“ದಿನಾ ಇಂಗೇ ಕಣವ್ವ,” ಎಂದರು ಆಕೆ, ತಪ್ಪು ತಮ್ಮದೇ ಎಂಬಂತೆ.

ನಮ್ಮೆಲ್ಲರಿಗಿಂತ ಚುರುಕು ಮೂಗಿನ ಆಚಾರ್ರು ಒಂದು ತುತ್ತೂ ಬಿಡದೆ ಉಂಡರು. ಬಡಿಸಿದಾಕೆಯ ಮನಸ್ಸು ನೋಯಬಾರದಲ್ಲ. ನಾನು ವರದಿ ಹರಿದುಹಾಕಿ ಹೊಸದು ಬರೆದೆ. ಮುಚ್ಚಳ ಬಂತು.

ಮುಂದೆ ಒಂದು ಜ್ವರದಲ್ಲಿ ಅವರಿಗೆ ವಾಸನೆ ಗೊತ್ತಾಗುವುದೇ ನಿಂತುಹೋಯಿತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಾವೇ ಬಂದು, “ನನ್ನೆಸ್ರು ಒಡ್ದಾಕ್ಬುಡವ್ವ. ಇನ್ನೊಬ್ರು ಉಸ್ರಾಡೋ ಗಾಳಿ ಅದು, ಅಂದಾಜ್ನಲ್ಲಿ ಏಳಬಾರ್ದು” ಎಂದರು. ಹೆಸರಿನ ಮೇಲೆ ಗೆರೆ ಎಳೆಯುವಾಗ ನನಗೆ ಅಳು ತಡೆಯಲಾಗಲಿಲ್ಲ.

ಹೋದ ವರ್ಷ ತೀರಿಕೊಂಡರು. ಅದಕ್ಕೆ ವಾರ ಮುಂಚೆ, ಅಳತೆ ಮುಗಿಸಿ, ಬಟ್ಟೆ ಬದಲಿಸದೆ ಅವರ ಮನೆಗೆ ಹೋಗಿದ್ದೆ. ಬಟ್ಟೆಯೆಲ್ಲ ನಾತ ಎಂದು ಬಾಗಿಲಲ್ಲೇ ನಿಂತೆ. ಅವರು ಮಂಚದಲ್ಲಿ ಸರಿದು ಜಾಗ ಮಾಡಿದರು.

“ಬಾರವ್ವ, ನಂಗೇನ್ ಗೊತ್ತಾಯ್ತದೆ. ಕೊಪ್ಲೋರು ಬಾಗ್ಲು ತಗ್ದು ಉಣ್ತಾವ್ರಾ?”

“ತಗ್ದೇ ಉಣ್ತಾರೆ,” ಎಂದೆ. “ಈಗ ಅಲ್ಲೇ ಉಂಡು ಬಂದೆ, ಆಚಾರ್ರೇ.”