ಅವ್ವನ ಮುಖ ಬರೆದ ಗೋಡೆ

ದೆವ್ವ, ಪವಾಡ ಎಂಬ ಮಾತು ಬಂದರೆ ಎದ್ದು ಒಳಗೆ ಹೋಗುವವಳು ನಾನು. ಮಠದ ಶಾಲೆಯಲ್ಲಿ ಮೂರು ವರ್ಷ ಕಲಿತದ್ದು ಬಿಟ್ಟರೆ ನನಗೆ ಓದಿಲ್ಲ. ಆದರೂ ಕಣ್ಣಿಗೆ ಕಾಣದ್ದನ್ನು ನಂಬುವ ಅಭ್ಯಾಸ ನನಗಿರಲಿಲ್ಲ. ಈಗಲೂ ಹೆಚ್ಚೇನೂ ನಂಬುವುದಿಲ್ಲ. ಕೊಳಕೂರಿನ ನಮ್ಮ ಮಠದ ಗೋಡೆಯ ಮುಂದೆ ಒಂದು ಮಧ್ಯಾಹ್ನ ನಡೆದದ್ದು ಮಾತ್ರ ಇವತ್ತಿಗೂ ಬಗೆಹರಿದಿಲ್ಲ. ಅದನ್ನು ಹೇಳಲು ಹೋದರೆ ನನ್ನ ತಪ್ಪನ್ನೂ ಹೇಳಬೇಕಾಗುತ್ತದೆ. ಇಷ್ಟು ವರ್ಷ ಸುಮ್ಮನಿದ್ದದ್ದು ಅದಕ್ಕೇ.

ನನ್ನ ಅಣ್ಣ ಶಿವರಾಯ ಗೋಡೆಯ ಮೇಲೆ ಚಿತ್ರ ಬರೆಯುತ್ತಿದ್ದ. ಅವನು ಹುಡುಗನಾಗಿದ್ದಾಗ ಅಜಂತಾ ಗುಹೆಗಳಲ್ಲಿ ಹಳೆಯ ಚಿತ್ರಗಳನ್ನು ದುರಸ್ತಿ ಮಾಡಲು ಇಟಲಿ ದೇಶದವರು ಬಂದಿದ್ದರಂತೆ. ಅವರಿಗೆ ನೀರು ಹೊರುವ ಕೆಲಸಕ್ಕೆ ಹೋಗಿ ಎರಡು ವರ್ಷ ಇದ್ದು ಬಂದ. ನಾಲ್ಕೈದು ನೂರು ವರ್ಷಗಳ ಹಿಂದೆ ಆ ದೇಶದ ಚಿತ್ರಗಾರರು ತಮ್ಮ ದೇವಾಲಯಗಳಲ್ಲಿ ಹಸಿ ಗಾರೆಯ ಮೇಲೆ ಹೇಗೆ ಬರೆಯುತ್ತಿದ್ದರು ಎಂಬುದನ್ನು ಅಲ್ಲಿ ಉರ್ದುವಿನಲ್ಲಿ ಯಾರೋ ವಿವರಿಸಿ ಹೇಳಿದ್ದರು. ಅಣ್ಣ ಅದನ್ನೇ ಹಿಡಿದುಕೊಂಡ. ಒಂದು ದಿನದಲ್ಲಿ ಬರೆದು ಮುಗಿಯುವಷ್ಟೇ ಗಾರೆ ಹಚ್ಚಬೇಕು. ಬಣ್ಣಕ್ಕೆ ಅಂಟು ಬೇಡ, ಬರೀ ನೀರು ಸಾಕು. ಹಸಿ ಗಾರೆ ಬಣ್ಣವನ್ನು ಕುಡಿದು ಕಲ್ಲಾಗುತ್ತದೆ, ಆಮೇಲೆ ತಿಕ್ಕಿದರೂ ಹೋಗದು. ಗಾರೆ ಒಣಗಿದ ಮೇಲೆ ಬರೆದರೆ ಬಣ್ಣ ಮೇಲೆಯೇ ಕೂತು ಪುಡಿಯಾಗಿ ಉದುರುತ್ತದೆ.

ಬಣ್ಣಗಳೂ ನಾಲ್ಕೈದೇ. ಕೆಂಪಿಗೆ ಕಾವಿ, ಹಳದಿ ಮಣ್ಣು, ಹಸಿರು ಮಣ್ಣು, ಕಪ್ಪಿಗೆ ದೀಪದ ಮಸಿ, ಬಿಳುಪಿಗೆ ವರ್ಷಗಟ್ಟಲೆ ಕುಣಿಯಲ್ಲಿ ನೆನೆದ ಸುಣ್ಣ. ಬೇರೆ ಬಣ್ಣ ಹಾಕಿದರೆ ಸುಣ್ಣ ತಿಂದುಹಾಕುತ್ತದೆ ಎನ್ನುತ್ತಿದ್ದ. ಅರೆಯುವ ಕೆಲಸ ನನ್ನದು. ಗಂಡ ಸತ್ತು ತವರಿಗೆ ಬಂದಿದ್ದೆ. ಅರೆದು ಅರೆದು ರಟ್ಟೆ ಬಿದ್ದುಹೋಗುತ್ತಿದ್ದವು, ಬೆರಳ ಸಂದಿಗಳು ಸುಣ್ಣಕ್ಕೆ ಒಡೆದಿದ್ದವು.

"ನೀ ಖಾರ ಅರದ್ರ ಓಣಿ ಮಂದೆಲ್ಲ ಸೀನ್ತಾರ. ಬಣ್ಣ ಅರದ್ರ ಮಾತ್ರ ಬೆಣ್ಣಿ ಆಗ್ತದ ನೋಡ್ ತಂಗೆವ್ವ" ಎಂದು ಅಣ್ಣ ಚುಡಾಯಿಸುತ್ತಿದ್ದ. ನನಗೆ ನಗಲೂ ಆಯಾಸ.

ಮಠದ ಪಡಸಾಲೆಯ ಗೋಡೆಗೆ ಅವನು ಪ್ರಸಾದದ ಪಂಕ್ತಿಯನ್ನು ಬರೆಯುತ್ತಿದ್ದ. ಸಾಲಾಗಿ ಕೂತು ಉಣ್ಣುವವರೆಲ್ಲ ಊರಿನವರೇ. ಕೊನೆಗೆ ರೊಟ್ಟಿ ನೀಡುತ್ತ ಬಗ್ಗಿದ ನಮ್ಮ ಅವ್ವ. ಅವ್ವ ತೀರಿಹೋಗಿ ಆರು ವರ್ಷವಾಗಿತ್ತು. ಅವಳ ಮುಖವೊಂದು ಬರೆಯಲು ಉಳಿದಿತ್ತು.

ಅದು ನಿಜಾಮರ ಆಳಿಕೆಯ ಕೊನೆಯ ಬೇಸಿಗೆ. ಅಣ್ಣ ಬೆಳಿಗ್ಗೆ ಅವ್ವನ ಮುಖದಷ್ಟು ಜಾಗಕ್ಕೆ ಗಾರೆ ಹಚ್ಚಿ ನುಣುಪು ಮಾಡಿದ್ದ. ಅಷ್ಟರಲ್ಲಿ ನಿಜಾಮರ ಕಡೆಯ ಬಂದೂಕಿನವರು ಊರ ಗಂಡಸರನ್ನೆಲ್ಲ ಚಾವಡಿಗೆ ಕರೆಸಿದರು. ಗಾರೆಯ ಮುಂದೆ ಹಸಿ ಗೋಣಿತಟ್ಟು ಇಳಿಬಿಟ್ಟು ಅಣ್ಣ ಹೇಳಿದ, "ನಾ ಬರೂತನಕ ತಟ್ಟಿಗಿ ನೀರು ಹೊಡ್ಕೋತ ಇರು. ಗ್ವಾಡಿ ಆರಿತಂದ್ರ ಅವ್ವ ನಿಲ್ಲಂಗಿಲ್ಲ."

ನಾಲ್ಕೈದು ಸಲ ನೀರು ಹೊಡೆದೆ. ಆಮೇಲೆ ಕಂಬಕ್ಕೆ ಒರಗಿದೆ, ಕಣ್ಣು ಮುಚ್ಚಿತು. ಎಚ್ಚರವಾದಾಗ ಹೊತ್ತು ಇಳಿದಿತ್ತು. ತಟ್ಟು ಹಪ್ಪಳವಾಗಿತ್ತು, ಗಾರೆ ಬೆಳ್ಳಗಾಗಿತ್ತು. ಅಂಗಳದಲ್ಲಿ ಅಣ್ಣನ ಕೆಮ್ಮು ಕೇಳಿಸಿತು. ಗಡಬಡಿಸಿ ಒಂದು ತಂಬಿಗೆ ನೀರನ್ನು ಗೋಡೆಗೆ ಎರಚಿದೆ. ನೋಡುವವರಿಗೆ ಹಸಿ ಗಾರೆಯ ಹಾಗೇ ಕಂಡಿತು.

"ಆರಿಲ್ಲ ಹೌದಿಲ್ಲ?" ಎಂದ.

"ಹಸೀನ ಅದ ಅಣ್ಣ."

ಬೇರೆ ದಿನವಾಗಿದ್ದರೆ ಮುಟ್ಟಿ ನೋಡುತ್ತಿದ್ದ. ಅವತ್ತು ದಿನವಿಡೀ ಬಿಸಿಲಲ್ಲಿ ಕೂರಿಸಿದ್ದರು, ಬೆಳಕು ಕಡಿಮೆಯಾಗುತ್ತಿತ್ತು. ನನ್ನ ಮಾತಿನ ಮೇಲೆ ಕುಂಚ ಎತ್ತಿದ. ಅಷ್ಟು ಚಂದದ ಮುಖವನ್ನು ಅವನು ಅದಕ್ಕೆ ಮೊದಲು ಬರೆದಿರಲಿಲ್ಲ.

ಎಂಟು ದಿನಕ್ಕೆ ಅವ್ವನ ಮುಖ ಉದುರಿತು. ಕೆಳಗೆ ಬಿದ್ದ ಪುಡಿಯನ್ನು ಅಣ್ಣ ಅಂಗೈಯಲ್ಲಿ ಹಿಡಿದು ನೋಡಿದ. "ಕೈ ಹೋತು ನಂದು" ಎಂದ, ಅಷ್ಟೇ. ತಪ್ಪು ನನ್ನದೆನ್ನದೆ ಉಳಿದ ಪುಡಿಯನ್ನು ಗುಡಿಸಿ ತೆಗೆದೆ. ಮರುವಾರ ಬಂದೂಕಿನವರ ಕಾಟ ತಾಳದೆ ಊರಿನ ನಾಲ್ವರ ಜೊತೆ ನಿಜಾಮರ ಗಡಿ ದಾಟಿ ಸೊಲ್ಲಾಪುರದ ಕಡೆ ಹೋದ. ಕುಂಚಗಳನ್ನು ಒಯ್ಯಲಿಲ್ಲ.

ಒಂದು ತಿಂಗಳ ಮೇಲಾಗಿರಬೇಕು. ಮಳೆ ಇನ್ನೂ ಬಿದ್ದಿರಲಿಲ್ಲ. ಮಧ್ಯಾಹ್ನ ಪಡಸಾಲೆ ಗುಡಿಸಲು ಹೋದೆ. ಅವ್ವನ ಮುಖದ ಜಾಗ ಮಾತ್ರ ಕಪ್ಪಗಿತ್ತು. ಮಾಳಿಗೆ ಸೋರಿದೆಯೇನೋ ಎಂದು ಮೇಲೆ ನೋಡಿದೆ, ಒಣಗಿತ್ತು. ಬೆರಳಿಟ್ಟೆ. ತಣ್ಣಗಿತ್ತು, ಮೆತ್ತಗಿತ್ತು. ಉಗುರು ಊರಿತು, ಬೆರಳ ತುದಿಗೆ ಬಿಳಿ ಸುಣ್ಣ ಹತ್ತಿತು. ಆಗ ತಾನೇ ಹಚ್ಚಿದ ಗಾರೆಯ ವಾಸನೆ ನನಗೆ ಗೊತ್ತಿಲ್ಲವೇ?

ಮುದುಕರಾಗಿದ್ದ ಮಠದ ಅಯ್ಯನವರನ್ನು ಕರೆದು ಮುಟ್ಟಿ ನೋಡಿರೆಂದೆ. ಅವರು ಅಂಗೈ ಒತ್ತಿ ತೆಗೆದು ನನಗೆ ತೋರಿಸಿದರು. ಒಣ ಅಂಗೈ.

"ಹಸಿ ಎಲ್ಲದವ್ವಾ? ಬಿಸಲಾಗ ತಿರಗಬ್ಯಾಡ, ನೀರು ಕುಡಿ ಹೋಗು" ಎಂದು ಹೊರಟುಹೋದರು.

ಮತ್ತೆ ಮುಟ್ಟಿದೆ. ನನ್ನ ಬೆರಳಿಗೆ ಸುಣ್ಣ ಹತ್ತಿತು.

ನಾನು ಎಂದೂ ಮುಖ ಬರೆದವಳಲ್ಲ. ಅರೆದಿಟ್ಟ ಬಣ್ಣ ಉಳಿದಿತ್ತು. ನೀರು ಕಲಸಿ ಕೂತೆ. ಕುಂಚ ಇಟ್ಟಲ್ಲೆಲ್ಲ ಗೋಡೆ ಬಣ್ಣವನ್ನು ಎಳೆದುಕೊಳ್ಳುತ್ತಿತ್ತು. ಹೊತ್ತು ಮುಳುಗುವವರೆಗೆ ಬರೆದೆ. ಮೂಗು ಸೊಟ್ಟಾಯಿತು. ಮರುದಿನ ಹಸಿ ಬಟ್ಟೆಯಿಂದ ತಿಕ್ಕಿ ನೋಡಿದೆ. ಬಟ್ಟೆಗೆ ಏನೂ ಹತ್ತಲಿಲ್ಲ.

ದೀಪಾವಳಿಯ ಹೊತ್ತಿಗೆ, ಗಲಾಟೆ ತಣ್ಣಗಾದ ಮೇಲೆ, ಅಣ್ಣ ತಿರುಗಿ ಬಂದ. ಗೋಡೆಯ ಹತ್ತಿರ ಹೋದ. ಉಗುರಿನಿಂದ ಕೆರೆದ, ಎಂಜಲು ಹಚ್ಚಿ ತಿಕ್ಕಿದ.

"ಯಾರು ಬರ್ದಾರ ಇದನ್ನ?"

"ನೀನೇ ಅಲ್ಲೇನು" ಎಂದೆ.

"ಅವ್ವನ ಮೂಗು ಹಿಂಗ ಬರೀತೇನಿ ಏನು ನಾ?" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ ಕೇಳಿದ, "ಖರೇ ಹೇಳು ತಂಗೆವ್ವ, ಅವತ್ತು ನಾ ಬರೀವಾಗ ಗ್ವಾಡಿ ಹಸಿ ಇತ್ತಿಲ್ಲೋ?"

ಇಲ್ಲ ಎನ್ನಲು ಅದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಸಿಗಲಿಲ್ಲ. "ಇತ್ತು" ಎಂದೆ.

ಅವನು ಮತ್ತೆ ಚಿತ್ರ ಬರೆಯಲಿಲ್ಲ. ಇಪ್ಪತ್ತೆರಡು ವರ್ಷ ಜೇವರ್ಗಿಯ ಸುತ್ತಲಿನ ಮನೆಗಳಿಗೆ ಸುಣ್ಣ ಬಳಿದು, ತನ್ನ ಕೈ ಕೆಟ್ಟಿತೆಂದೇ ನಂಬಿ ತೀರಿಹೋದ. ನಾನು ಅವನಿಗೆ ರೊಟ್ಟಿ ಬಡಿದು ಹಾಕುತ್ತ ಜೊತೆಗೇ ಇದ್ದೆ.

ಬಿಸಿಲಿಗೆ ನನ್ನ ತಲೆ ಕೆಟ್ಟಿತ್ತು ಎನ್ನಬಹುದು. ಹಾಗಾದರೆ ಬಣ್ಣ ಹೇಗೆ ನಿಂತಿತು? ಕೇಳಲು ಈಗ ಯಾರೂ ಉಳಿದಿಲ್ಲ. ಆ ಗೋಡೆ ಹಸಿಯಾಗುವುದೇ ಇದ್ದರೆ ಅಣ್ಣ ಕುಂಚ ಹಿಡಿದು ನಿಂತ ಸಂಜೆ ಯಾಕೆ ಆಗಲಿಲ್ಲ, ನೀರು ಹೊಡೆಯದೆ ಮಲಗಿದ ನನಗೆ ಯಾಕಾಯಿತು ಎಂಬುದು ನನಗೆ ತಿಳಿದಿಲ್ಲ.