ಮಿಯಾಪುರದ ಏಳು ಬಾವಿ

ಬೆಳಿಗ್ಗೆಯಿಂದ ನನ್ನ ಕೈ ಬಟ್ಟೆ ಸೋಪಿನ ವಾಸನೆ ಹೊಡೆಯುತ್ತಿದೆ. ಪಕ್ಕದ ಫ್ಲ್ಯಾಟಿನ ರಾವ್ ಅವರು ಬೀದಿನಾಯಿಗೆ ಬಿಸ್ಕತ್ತು ಹಾಕಲು ಹೋಗಿದ್ದರು. ನಾಯಿ ಬಿಸ್ಕತ್ತಿನ ಜೊತೆಗೆ ಅವರ ಹೆಬ್ಬೆರಳಿಗೂ ಬಾಯಿ ಹಾಕಿತು. "ಏಂ ಕಾದು ಸಾರ್, ಚಿನ್ನ ಗಾಯಂ", ಏನೂ ಆಗಲ್ಲ, ಸಣ್ಣ ಗಾಯ ಎಂದು ಅವರು ತೆಲುಗಿನಲ್ಲಿ ಕೊಸರುತ್ತಿದ್ದರೂ ಬಿಡದೆ, ಕಾಲು ಗಂಟೆ ನಲ್ಲಿಯ ಕೆಳಗೆ ಬೆರಳು ಹಿಡಿದು ಸೋಪು ಹಾಕಿ ತೊಳೆದೆ. ಆಮೇಲೆ ಆಸ್ಪತ್ರೆಗೆ ಅಟ್ಟಿದೆ. ಹೋಗುವಾಗ ನೀವೇನು ಡಾಕ್ಟರಾ ಎಂದು ಕೇಳಿದರು. ನಾನು ನಾಚಾರಂನ ಕಾರ್ಖಾನೆಯೊಂದರಲ್ಲಿ ಪಂಪು ತಪಾಸಣೆ ಮಾಡುವವನು. ನನಗೆ ಈ ವಿದ್ಯೆ ಕಲಿಸಿದವಳು ಇಟ್ಟಿಗೆ ಹೊರುತ್ತಿದ್ದ ಶರಣವ್ವ.

ಆಗ ನಾವು ತೆಲುಗು ಸೀಮೆಯ ಈ ಮಿಯಾಪುರಕ್ಕೆ ಬಂದು ಕೆಲವೇ ತಿಂಗಳಾಗಿತ್ತು. ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿತ್ತು. ಕೆಲಸದವರೆಲ್ಲ ಯಾದಗಿರಿ ಕಡೆಯವರು. ಹಾಲಿನವನ ಜೊತೆ ತೆಲುಗು, ತರಕಾರಿಯವಳ ಜೊತೆ ಹಿಂದಿ ಎಂದು ನಾಲಿಗೆ ಹೊರಳಿಸಿ ಸುಸ್ತಾಗಿದ್ದ ನನ್ನವ್ವನಿಗೆ ಬಾಯ್ತುಂಬ ಕನ್ನಡ ಮಾತಾಡಲು ಸಿಕ್ಕವಳು ಶರಣವ್ವನೇ. ಇಬ್ಬರ ಹರಟೆ ಶುರುವಾದರೆ ಮೇಸ್ತ್ರಿ ಬಂದು ಗದರಬೇಕಿತ್ತು.

ಒಂದು ದಿನ ಮೆಟ್ರೋ ತಪ್ಪೀತೆಂದು ಓಡುತ್ತಿದ್ದೆ. ಓಡುವವರನ್ನು ಅಟ್ಟುವುದು ನಾಯಿಗಳ ಪದ್ಧತಿಯಷ್ಟೆ. ಬೀದಿನಾಯಿಯೊಂದು ಬೆನ್ನಟ್ಟಿ ಮೀನಖಂಡಕ್ಕೆ ಹಲ್ಲು ಊರಿಯೇಬಿಟ್ಟಿತು. ರಕ್ತ ಬಂದರೂ ನನಗೆ ಮೊದಲು ಚಿಂತೆ ಹತ್ತಿದ್ದು ಹೊಸ ಪ್ಯಾಂಟಿನದು. ಶರಣವ್ವ ಬುಟ್ಟಿ ಇಳಿಸಿ ಬಂದವಳೇ ನನ್ನನ್ನು ಸೈಟಿನೊಳಗೆ ಎಳೆದೊಯ್ದಳು. ಗೋಡೆಗೆ ನೀರುಣಿಸುವ ಪೈಪನ್ನು ಗಾಯಕ್ಕೆ ಹಿಡಿದು, ತನ್ನ ಬಟ್ಟೆ ಸೋಪನ್ನು ತಿಕ್ಕತೊಡಗಿದಳು.

"ಸಾಕು ಬಿಡವ್ವ" ಎಂದೆ.

"ಸಾಕಾಗೂದಿಲ್ರಿ. ಅಕಾ ನೋಡ್ರಿ, ಆ ಡ್ರಮ್ಮಿಗೆ ಈಗ ನೀರ ಬಿಟ್ಟೀನಿ. ಅದು ತುಂಬಾಕ ಹದಿನೈದ ಮಿನಿಟ್ ಬೇಕು. ಅಲ್ಲೀತನಕ ಕಾಲ ತೆಗಿಬ್ಯಾಡ್ರಿ."

ಗಡಿಯಾರವಿಲ್ಲದ ಸೈಟಿನಲ್ಲಿ ಅವರ ವೇಳೆಯೆಲ್ಲ ಡ್ರಮ್ಮಿನ ಲೆಕ್ಕವೇ. ಅದು ತುಂಬಿ ಚೆಲ್ಲಿದ ಮೇಲೆ ನನ್ನ ಕಾಲು ಬಿಟ್ಟಳು. ಕರವಸ್ತ್ರ ಕಟ್ಟಲು ಹೋದರೆ ಅದನ್ನೂ ಕಿತ್ತುಕೊಂಡಳು. "ಕಟ್ಟಬ್ಯಾಡ್ರಿ, ಹಂಗ ಇರಲಿ. ಸೀದಾ ದವಾಖಾನಿಗೆ ಹೋಗಿ ಸೂಜಿ ಹಾಕಸ್ಕೋರಿ."

ಆಯಿತೆಂದು ತಲೆಯಾಡಿಸಿ ಸೀದಾ ಮನೆಗೆ ಹೋದೆ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ನಾನು ಸೂಜಿಗೆ ಹೆದರುವವನು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುತ್ತಾರೆಂದು ಚಿಕ್ಕಂದಿನಲ್ಲಿ ಕೇಳಿದ್ದು ತಲೆಯಲ್ಲಿ ಭದ್ರವಾಗಿತ್ತು. ಅವ್ವ ಗಾಯ ನೋಡಿ, "ಏಳು ಬಾವಿ ಇಣುಕಿ ನೋಡಿ ಬಂದು ಖಾರಪುಡಿ ಹಚ್ಚಿದರ ವಿಷ ಇಳೀತೈತಿ" ಎಂದಳು. ಬೇರೆ ದಿನವಾಗಿದ್ದರೆ ಅವಳಿಗೆ ವಿಜ್ಞಾನದ ಮೇಲೆ ಒಂದು ಭಾಷಣ ಬಿಗಿಯುತ್ತಿದ್ದೆ. ಅಂದು ಎಷ್ಟು ವಿಧೇಯ ಮಗನಾದೆನೆಂದರೆ ಅವ್ವನಿಗೇ ಆಶ್ಚರ್ಯವಾಯಿತು.

ಆದರೆ ಮಿಯಾಪುರದಲ್ಲಿ ಬಾವಿ ಎಲ್ಲಿಂದ ತರುವುದು? ಅವ್ವನೇ ದಾರಿ ಹುಡುಕಿದಳು. "ಒಳಗ ನೀರಿದ್ದರ ಆತು. ಸಂಪ್ ನಡೀತೈತಿ." ಹೀಗೆ ಒಂದೊಂದೇ ಅಪಾರ್ಟ್‌ಮೆಂಟಿಗೆ ಹೋಗಿ ನೆಲದೊಳಗಿನ ಟಾಕಿಯ ಮುಚ್ಚಳ ಎತ್ತಿ, ನಾನು ಇಣುಕುವುದು, ಅವ್ವ ಬೆರಳು ಮಡಿಸುವುದು. ನಾಲ್ಕನೆಯ ಕಡೆ ವಾಚ್‌ಮನ್ ಓಡಿಬಂದ. "ಕ್ಯಾ ಗಿರ್ ಗಯಾ ಅಮ್ಮಾ?" ಏನೂ ಬಿದ್ದಿಲ್ಲ, ಸುಮ್ಮನೆ ನೋಡಬೇಕಿತ್ತು ಎಂದು ಅವ್ವ ತನ್ನ ಹಿಂದಿಯಲ್ಲಿ ಹೇಳಿದಳು. ಅವನು ಗೇಟಿನವರೆಗೂ ನಮ್ಮ ಬೆನ್ನು ಹತ್ತಿ ಬಂದ.

ಐದನೆಯದು ಶರಣವ್ವನ ಸೈಟಿನ ಸಂಪು.

"ಏನ ಮಾಡಾಕತ್ತೀರಿ?" ಎಂದು ಶರಣವ್ವ ಕೇಳಿದಳು. ಅವ್ವ ಹೆಮ್ಮೆಯಿಂದ ಎಲ್ಲ ಹೇಳಿದಳು. ಬೈಯುತ್ತಾಳೆಂದುಕೊಂಡೆ. ಅವಳು ಸಂಪಿನ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

"ನನ್ನ ತಮ್ಮಗೂ ಏಳು ಬಾವಿ ತೋರಿಸಿದ್ವಿ ಅಕ್ಕಾ. ಖಾರಾ ಹಚ್ಚಿದಾಕಿ ನಾನ. ಎರಡು ತಿಂಗಳು ಚಲೋನ ಇದ್ದ. ಆಮ್ಯಾಲ ಒಂದಿನ ನೀರಿನ ಗ್ಲಾಸ ನೋಡಿ ಚೀರಿದ. ನೀರಡಿಕಿ ಭಾಳ ಇತ್ತು, ಕುಡಿಯಾಕ ಆಗಲಿಲ್ಲ. ಹಂಗಾದ ಮ್ಯಾಲ ಯಾ ಔಷಧಾನೂ ಇಲ್ಲಂದ್ರು ಡಾಕ್ಟರು." ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಮ್ಮ ಮಗಗ ಇನ್ನಾ ಟೈಮ್ ಐತಿ. ಏಳ್ರಿ."

ಅವ್ವ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಖಾರಪುಡಿಯ ಪೊಟ್ಟಣವನ್ನು ಅಲ್ಲೇ ಮರಳಿಗೆ ಸುರಿದಳು. ಮೂವರೂ ಒಂದೇ ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋದೆವು. ಹೊಕ್ಕುಳಿನ ತಂಟೆಗೆ ಯಾರೂ ಬರಲಿಲ್ಲ. ತೋಳಿಗೆ ಲಸಿಕೆ ಹಾಕಿದರು, ಅದು ಇರುವೆ ಕಚ್ಚಿದಷ್ಟು. ರಕ್ತ ಬಂದ ಗಾಯವೆಂದು ಅದರ ಸುತ್ತ, ರೋಗಾಣುವನ್ನು ಅಲ್ಲೇ ತಡೆಯುವ ಸೀರಮ್ ಚುಚ್ಚಿದಾಗ ಮಾತ್ರ ಇಡೀ ವಾರ್ಡಿಗೆ ಕೇಳುವಂತೆ ಕಿರುಚಿದೆ. ಅಂದಿಗೆ ಸೊನ್ನೆಯ ದಿನ, ಆಮೇಲೆ ಮೂರು, ಏಳು, ಇಪ್ಪತ್ತೆಂಟನೆಯ ದಿನ ಬರಬೇಕೆಂದು ಚೀಟಿ ಕೊಟ್ಟರು.

ಏಳನೆಯ ದಿನದ್ದು ಮುಗಿದ ಮೇಲೆ ಗಾಯ ಮಾಯಿತು, ನನ್ನ ಉತ್ಸಾಹವೂ ಇಳಿಯಿತು. ಇನ್ನೊಂದನ್ನು ತಪ್ಪಿಸಿಕೊಳ್ಳುತ್ತಿದ್ದೆನೋ ಏನೋ. ಶರಣವ್ವ ಬಿಟ್ಟರೆ ತಾನೆ! ದಿನಾ ಬೆಳಿಗ್ಗೆ ಎರಡನೆಯ ಮಹಡಿಯಿಂದ, "ಸರಾ, ಕಡೀ ಸೂಜಿ ಯಾವತ್ತೈತ್ರಿ?" ಎಂದು ಕೂಗುತ್ತಿದ್ದಳು. ಬೀದಿಗೆಲ್ಲ ನನ್ನ ಚೀಟಿ ಬಾಯಿಪಾಠವಾಗಿತ್ತು. ಅದೂ ಮುಗಿದ ಕೆಲ ದಿನಕ್ಕೆ ಅವರ ತಂಡ ಕೊಂಡಾಪುರಕ್ಕೆ ಹೋಯಿತು. ಆಮೇಲೆ ಎಲ್ಲಿಗೆ ಹೋದರೋ ಗೊತ್ತಿಲ್ಲ.

ಇಷ್ಟು ಬರೆಯುವ ಹೊತ್ತಿಗೆ ರಾವ್ ಅವರು ತೋಳು ಉಜ್ಜಿಕೊಳ್ಳುತ್ತ ಬಂದರು. ಇನ್ನೂ ಮೂರು ಸಲ ಹೋಗಬೇಕಂತೆ, ಅಷ್ಟೆಲ್ಲ ಬೇಕಾ ಎಂದು ಅವರ ತಕರಾರು. ನನಗೆ ಆ ದನಿಯ ಪರಿಚಯವಿತ್ತು. ಅವರನ್ನು ಕೂರಿಸಿ ಶರಣವ್ವನ ತಮ್ಮನ ಕತೆ ಹೇಳಿದೆ. ಅವರ ತಕರಾರು ನಿಂತಿತು. ಮೂರನೆಯ ದಿನದ್ದಕ್ಕೆ ತಪ್ಪದೆ ಹೋಗುವುದಾಗಿ ಒಪ್ಪಿಕೊಂಡರು. ಬಾಗಿಲವರೆಗೆ ಹೋದವರು ತಿರುಗಿ ನಿಂತು, "ಪಾಪ, ಅವನ ಹೆಸರೇನು?" ಎಂದು ಕೇಳಿದರು.

ಆ ಹುಡುಗನ ಸಾವಿನಿಂದ ಶರಣವ್ವ ಕಲಿತ ಪಾಠದಿಂದ ನಾನು ಬದುಕಿದ್ದೇನೆ. ಅವನ ಹೆಸರನ್ನು ಕೇಳಿಯೇ ಇರಲಿಲ್ಲ.