ಐರ್ಲೆಂಡಿಗೊಂದು ಪಾಲು

ಹಳಸಿದ ತೆಂಗಿನೆಣ್ಣೆಯ ಕಮಟು ವಾಸನೆ ಎಲ್ಲಿಯಾದರೂ ಮೂಗಿಗೆ ಬಡಿದರೆ ಇಂದಿಗೂ ನನ್ನ ಬೆನ್ನು ತಾನಾಗಿ ಸೆಟೆದುಕೊಳ್ಳುತ್ತದೆ. ಮೊನ್ನೆ ಮಣಿಪಾಲದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಕೂತ ಅಜ್ಜಿಯೊಬ್ಬರ ತಲೆಯಿಂದ ಆ ವಾಸನೆ ಬಂತು. ಪಾಪ, ಅವರು ನನ್ನನ್ನು ನೋಡಿ ನಕ್ಕರು. ನಾನು ಎದ್ದು ಹೋಗಿ ಬಿಸಿಲಲ್ಲಿ ನಿಂತೆ. ಕಾಪುವಿನ ನಮ್ಮ ಮನೆಯಲ್ಲಿ ಆ ವಾಸನೆ ಇದ್ದದ್ದು ಯಾರ ತಲೆಯಲ್ಲೂ ಅಲ್ಲ, ಚಾವಡಿಯ ಬಾಗಿಲ ಮೇಲೆ. ಅಲ್ಲಿ ಎರಡು ಮೊಳೆಗಳ ನಡುವೆ ಒಂದು ತೊರಕೆ ಮೀನಿನ ಬಾಲವನ್ನು ಇಟ್ಟಿದ್ದರು. ಎರ್ಮಾಳಿನ ಮೀನುಗಾರರೊಬ್ಬರು ತಂದುಕೊಟ್ಟದ್ದು. ನನಗಿಂತ ಉದ್ದ, ಬುಡದಲ್ಲಿ ಹೆಬ್ಬೆರಳಿನ ದಪ್ಪ, ತುದಿಯಲ್ಲಿ ದಾರದಷ್ಟು ತೆಳು, ಮೈತುಂಬ ತರಿತರಿ. ಒಣಗಿ ಬಿರುಕು ಬಿಟ್ಟರೆ ಹೊಡೆತ ಸರಿಯಾಗಿ ಕೂರುವುದಿಲ್ಲವೆಂದು ಶನಿವಾರಕ್ಕೊಮ್ಮೆ ಅದಕ್ಕೆ ಎಣ್ಣೆ ಸವರಬೇಕಿತ್ತು. ಸವರುತ್ತಿದ್ದವಳು ನಾನು. ಹತ್ತು ವರ್ಷದ ಹುಡುಗಿಯ ಬೆರಳು ಸಣ್ಣ, ತರಿಗಳ ಸಂದಿಗೆ ಎಣ್ಣೆ ಚೆನ್ನಾಗಿ ಇಳಿಯುತ್ತದೆ ಎಂದು ಆಬ್ ಹೇಳುತ್ತಿದ್ದರು.

ಆಬ್ ಎಂದರೆ ನಮ್ಮ ಕೊಂಕಣಿಯಲ್ಲಿ ಅಜ್ಜ. ಅಜ್ಜ ಎಂದ ಕೂಡಲೇ ನಿಮಗೆ ಬೊಚ್ಚು ಬಾಯಿ, ಮಡಿಲು, ಕಥೆ ನೆನಪಾಗುವುದಾದರೆ ನೀವು ಪುಣ್ಯವಂತರು, ಮುಂದೆ ಓದದಿದ್ದರೂ ನಡೆದೀತು. ನಮ್ಮ ಆಬ್ ಆರಡಿ ಎತ್ತರದ, ಬೆಕ್ಕಿನ ಕಣ್ಣಿನ ಮನುಷ್ಯ. ಇಗರ್ಜಿಯ ನಮ್ಮ ವಾಡೆಗೆ ಇಪ್ಪತ್ತು ವರ್ಷ ಗುರ್ಕಾರರಾಗಿದ್ದವರು, ಅಂದರೆ ಆ ಮೂವತ್ತು ಮನೆಗಳ ಹಿರಿಯ. ಭಾನುವಾರದ ಪೂಜೆಗೆ ಬಾರದವನನ್ನು ಗದ್ದೆಯಿಂದಲೇ ಎಳೆತಂದು ಇಗರ್ಜಿಯ ಮೆಟ್ಟಿಲ ಮೇಲೆ ಬಾರಿಸಿದ್ದನ್ನು ನಾನೇ ನೋಡಿದ್ದೇನೆ. ಆ ಬಾಲದ ರುಚಿ ಕಂಡವರಲ್ಲಿ ನನ್ನ ಪಪ್ಪ ಇದ್ದರು, ಬಾಪ್ಪು ಇದ್ದರು, ಬೇಲಿ ಮುರಿದ ನೆರೆಯವರು ಇದ್ದರು, ಎರಡು ನಾಯಿಗಳೂ ಇದ್ದವು. ಪಪ್ಪ ಬಹ್ರೇನಿಗೆ ಹೋದದ್ದು ಸಂಬಳಕ್ಕೆಂದು ಎಲ್ಲರೂ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಅವರು ಆ ಎರಡು ಮೊಳೆಗಳಿಂದ ಆದಷ್ಟು ದೂರ ಹೋದರು. ಆದರೂ ಆ ಮನೆ ಈಗಿಲ್ಲ, ಅದರ ಕೆಂಪು ನೆಲದ ತಂಪು ಇನ್ನು ಕಾಲಿಗೆ ಸಿಗುವುದಿಲ್ಲ ಎಂದು ನೆನೆದರೆ ಎದೆ ಹಿಂಡುತ್ತದೆ. ಇದು ಯಾವ ಸೀಮೆಯ ಪ್ರೀತಿಯೋ ನನಗೆ ಅರ್ಥವಾಗಿಲ್ಲ.

ಬಾಪ್ಪು ಎಂದರೆ ಪಪ್ಪನ ತಮ್ಮ, ಸಿರಿಲ್. ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರರು. ಅಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು, ಶನಿವಾರ ಮಧ್ಯಾಹ್ನದ ಬಸ್ಸಿಗೆ ಮನೆಗೆ ಬರುತ್ತಿದ್ದರು. ಮೂವತ್ತು ದಾಟಿದರೂ ಆಬ್‌ನ ಚಪ್ಪಲಿ ಸದ್ದು ಕೇಳಿದರೆ ಕೈಯಲ್ಲಿದ್ದ ಪುಸ್ತಕವನ್ನು ತೊಡೆಯ ಕೆಳಗೆ ಅಡಗಿಸುವ ಜೀವ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಇಗರ್ಜಿಯ ಪಾದ್ರಿಗಳಿಗೆ ಐರ್ಲೆಂಡಿನಿಂದ ಒಂದು ಕಾಗದ ಬಂತು. ಬರೆದವಳು ನೋರಾ ಎಂಬಾಕೆ. ಅವಳ ಅಜ್ಜಿಯ ಅಣ್ಣ ಪ್ಯಾಟ್ರಿಕ್ ಎಂಬವನು ಕಾಪುವಿನ ಲೈಟ್‌ಹೌಸ್ ಕಟ್ಟುವ ಕಾಲದಲ್ಲಿ ಕಲ್ಲಿನ ಕೆಲಸಕ್ಕೆಂದು ಬಂದವನು ಮತ್ತೆ ಊರಿಗೆ ಮರಳಲಿಲ್ಲವಂತೆ. ಊರು ಬಿಟ್ಟು ಚದುರಿಹೋದ ತನ್ನ ಕುಟುಂಬದವರನ್ನೆಲ್ಲ ಹುಡುಕಿ ಒಂದು ವಂಶವೃಕ್ಷ ಬರೆಯುತ್ತಿದ್ದೇನೆ, ಅವನ ಗುರುತು ಏನಾದರೂ ಉಂಟೋ ಎಂದು ಕೇಳಿದ್ದಳು. ಪಾದ್ರಿಗಳು ಕಾಗದವನ್ನು ಬಾಪ್ಪುವಿನ ಕೈಗೆ ಕೊಟ್ಟು, ನೀನೇ ನೋಡಿಕೋ ಎಂದರು.

ಅಲ್ಲಿಂದ ಎರಡು ವರ್ಷ ಬಾಪ್ಪುವಿನ ಶನಿವಾರಗಳೆಲ್ಲ ಇಗರ್ಜಿಯ ಹಳೆಯ ಕಪಾಟಿನ ಮುಂದೆ ಕಳೆದವು. ಜೊತೆಗೆ ನಾನೂ ಹೋಗುತ್ತಿದ್ದೆ. ಲ್ಯಾಟಿನ್‌ನಲ್ಲಿ ಬರೆದ ದಪ್ಪ ದಫ್ತರಗಳು, ಹುಳ ತಿಂದ ಅಂಚು, ಮುಟ್ಟಿದರೆ ಉದುರುವ ಹಾಳೆ. ಬಾಪ್ಪು ಓದುವ ಸಾಲಿನ ಕೆಳಗೆ ನಾನು ಅಡ್ಡಪಟ್ಟಿ ಹಿಡಿಯಬೇಕು. ಸಿಕ್ಕಿದ್ದನ್ನು ಅವರು ನಕಲು ಮಾಡಿ ಐರ್ಲೆಂಡಿಗೆ ಕಳಿಸುವುದು, ಅಲ್ಲಿಂದ ನೋರಾ ತನ್ನ ಕಡೆಯ ಹೆಸರುಗಳನ್ನು ತೆಳು ಕಾಗದದಲ್ಲಿ ಬರೆದು ಕಳಿಸುವುದು. ಮೊದಲು ಸಿಕ್ಕಿದ್ದು ಪ್ಯಾಟ್ರಿಕ್‌ನ ಸಾವಿನ ದಾಖಲೆ: ಜ್ವರದಿಂದ ತೀರಿಕೊಂಡು ನಮ್ಮ ಸಿಮಿತ್ರಿಯಲ್ಲೇ ಮಣ್ಣಾಗಿದ್ದ. ಕೆಲಸ ಅಲ್ಲಿಗೆ ಮುಗಿಯಿತಲ್ಲ, ಇನ್ನೂ ಯಾಕೆ ಬಾಪ್ಪು ಎಂದು ಒಮ್ಮೆ ಕೇಳಿದೆ. ಅವರು ಪುಟ ತಿರುವುತ್ತಲೇ, "ಹೊಡೆಯದ ನೆಂಟರು ನಮಗೂ ಎಲ್ಲಾದರೂ ಇರಬೇಕಲ್ಲ ಬಾಯೆ," ಎಂದರು. ಆಗ ನನಗೆ ನಗು ಬಂದಿತ್ತು. ಅವರಿಗೆ ಬೇಕಾಗಿದ್ದದ್ದು ಅದೊಂದೇ ಎಂದು ತಿಳಿಯುವಷ್ಟು ನಾನು ಬೆಳೆದಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ, ಜ್ಞಾನಸ್ನಾನದ ದಫ್ತರದಲ್ಲಿ ಬಾಪ್ಪುವಿನ ಬೆರಳು ಒಂದು ಸಾಲಿನ ಮೇಲೆ ನಿಂತುಬಿಟ್ಟಿತು. ಅದು ಆಬ್‌ನ ಸ್ವಂತ ಜ್ಞಾನಸ್ನಾನದ ಸಾಲು. ತಂದೆ ಪೆದ್ರು, ತಾಯಿ ಇಂಥವಳು, ಎಲ್ಲ ಸರಿ. ಜ್ಞಾನತಂದೆಯ ಅಂಕಣದಲ್ಲಿ ಮಾತ್ರ ಪ್ಯಾಟ್ರಿಕ್‌ನ ಹೆಸರಿತ್ತು. ನಮ್ಮವರಲ್ಲಿ ಇದಕ್ಕೊಂದು ಕಟ್ಟುನಿಟ್ಟು ಉಂಟು. ಚೊಚ್ಚಲ ಮಗುವನ್ನು ಇಗರ್ಜಿಯಲ್ಲಿ ಎತ್ತಿ ಹಿಡಿಯುವ ಜ್ಞಾನತಂದೆ ಬೇರೆ ಯಾರೂ ಅಲ್ಲ, ಮಗುವಿನ ಅಪ್ಪನ ಅಪ್ಪ. ಅವನಿಲ್ಲದಿದ್ದರೆ ಅಪ್ಪನ ಕಡೆಯ ಹತ್ತಿರದ ರಕ್ತದವನು. ಆ ಅಂಕಣ ನೋಡಿ ಹೆಣ್ಣು-ಗಂಡಿನ ಸಂಬಂಧ ಕುದುರಿಸುವ ಜನ ನಾವು. ಬಾಪ್ಪು ಆ ಕಟ್ಟಳೆಯಲ್ಲೇ ಹುಟ್ಟಿ ಬೆಳೆದವರು. ಹಾಗಾಗಿ ಅಪ್ಪನ ಕಡೆಯ ರಕ್ತ ಪ್ಯಾಟ್ರಿಕ್‌ನದು, ಪೆದ್ರು ಬರೀ ಹೆಸರಿಗೆ ಎಂದು ಅಲ್ಲೇ ತೀರ್ಮಾನಿಸಿದರು. ಮೇಲೆ ಸಾಕ್ಷಿಗೆ ಆಬ್‌ನ ಬೆಕ್ಕಿನ ಕಣ್ಣು. ಬೆಕ್ಕಿನ ಕಣ್ಣು ಕಾಪುವಿನಿಂದ ಹೂಡೆಯವರೆಗೆ ಎಷ್ಟು ಮನೆಯಲ್ಲಿಲ್ಲ! ಆದರೆ ಬೇಕು ಎಂದು ಹಟ ಹಿಡಿದವನಿಗೆ ಅದೆಲ್ಲ ಎಲ್ಲಿ ಕಾಣುತ್ತದೆ. ಈ ಮಗು ನಿಮ್ಮ ಪ್ಯಾಟ್ರಿಕ್‌ನ ರಕ್ತ ಎಂದು ಅವರು ಅಂದೇ ನೋರಾಳಿಗೆ ಬರೆದು ಹಾಕಿದರು, ಆ ಮಗು ನಮ್ಮ ಆಬ್ ಎಂಬುದನ್ನು ಮಾತ್ರ ಆಬ್‌ಗೆ ಮೊದಲು ಹೇಳಿಯೇ ಬರೆಯುವುದೆಂದು ಉಳಿಸಿಕೊಂಡರು.

ಸೆಪ್ಟೆಂಬರಿನ ಮೊಂತಿ ಹಬ್ಬ ನಿಮಗೆ ಗೊತ್ತಿರಬಹುದು, ಕನ್ಯಾಮರಿಯಮ್ಮನ ಹುಟ್ಟಿದ ದಿನ, ನಮಗೆ ಹೊಸ ಅಕ್ಕಿಯ ದಿನ. ಮಂತ್ರಿಸಿದ ತೆನೆಯ ಕಾಳನ್ನು ಸುಲಿದು ತೆಂಗಿನ ಹಾಲಿಗೆ ಹಾಕಿ ಮನೆಯ ಯಜಮಾನ ಎಲ್ಲರಿಗೂ ಹಂಚುತ್ತಾನೆ. ದೂರದಲ್ಲಿರುವವರಿಗೆ ಒಣ ಕಾಳನ್ನು ಪೊಟ್ಟಣ ಕಟ್ಟಿ ಅಂಚೆಯಲ್ಲಿ ಕಳಿಸುವುದು. ಅಂದು ಊಟಕ್ಕೆ ಮುಂಚೆ ಆಬ್ ಪಪ್ಪನ ಪೊಟ್ಟಣ ಕಟ್ಟುತ್ತಿದ್ದರು. ಹರಿವೆ, ಬೆಂಡೆ, ಕೆಸುವಿನ ದಂಟಿನ ಪಲ್ಯಗಳ ಪರಿಮಳ, ಅಮ್ಮ ಹಾಸಿದ ಬಾಳೆ ಎಲೆಗಳು. ಬಾಪ್ಪು ಅಂಗಿಯೊಳಗಿನಿಂದ ಒಂದು ಸುರುಳಿ ತೆಗೆದರು. ನೋರಾಳ ಕಡೆಯ ಹೆಸರುಗಳನ್ನೂ ನಮ್ಮವನ್ನೂ ಸೇರಿಸಿ ಅವರೇ ಬರೆದ ವಂಶವೃಕ್ಷ.

"ಪಾಯ್," ಎಂದರು, ಅಪ್ಪನನ್ನು ಅವರು ಕರೆಯುತ್ತಿದ್ದದ್ದು ಹಾಗೆ. "ಇನ್ನೊಂದು ಪೊಟ್ಟಣ ಕಟ್ಟಿ. ಐರ್ಲೆಂಡಿಗೆ."

"ಅಲ್ಲಿ ನಮ್ಮವರು ಯಾರು ಉಂಟು?"

"ಎಲ್ಲರೂ ಉಂಟು. ನೀವು ಅವರ ಪ್ಯಾಟ್ರಿಕ್‌ನ ಮಗ."

ಚಿಕ್ಕಂದಿನಲ್ಲಿ ಆಬ್‌ನನ್ನು ಶಾಲೆಯ ಹುಡುಗರು ಬಿಳಿಯನ ಮಗ ಎಂದು ಕರೆಯುತ್ತಿದ್ದರಂತೆ, ಹಾಗೆ ಕರೆದವನೊಬ್ಬನ ಎರಡು ಹಲ್ಲುಗಳನ್ನು ಅವರು ಕಲ್ಲಿನಿಂದ ಮುರಿದಿದ್ದರಂತೆ. ಇದನ್ನು ಅಮ್ಮ ನನಗೆ ಆಮೇಲೆ ಹೇಳಿದರು. ಬಾಪ್ಪುವಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸಂತೋಷದಲ್ಲಿ ಮರೆತರೋ. ಆಬ್ ಕಟ್ಟುತ್ತಿದ್ದ ಪೊಟ್ಟಣವನ್ನು ಕೆಳಗಿಟ್ಟರು. ಎದ್ದು ಬಾಲವನ್ನು ಕೆಳಗಿಳಿಸಿದರು. ಮೊದಲ ಹೊಡೆತ ಬೆನ್ನಿಗೆ, ಅಂಗಿ ಉದ್ದಕ್ಕೂ ಹರಿಯಿತು. ಎರಡನೆಯದು ಕುತ್ತಿಗೆಗೆ ಸುತ್ತಿಕೊಂಡಿತು, ಎಳೆದು ಬಿಡಿಸಿದಾಗ ಚರ್ಮವೂ ಜೊತೆಗೆ ಬಂತು. ನಡುವೆ ಬಂದ ಅಮ್ಮನ ಮುಂಗೈಗೂ ಬಿತ್ತು. ಬಾಪ್ಪು ಎಂಬತ್ತರ ಹತ್ತಿರದ ಮುದುಕನ ಕೈಯನ್ನು ಒಂದೇ ಹಿಡಿತದಲ್ಲಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ, ಸುರುಳಿಯನ್ನು ಹೊಟ್ಟೆಯ ಕೆಳಗೆ ಹಾಕಿಕೊಂಡು ಬೋರಲು ಬಿದ್ದರು. ಅದನ್ನು ಕಂಡು ಆಬ್‌ಗೆ ಇನ್ನಷ್ಟು ಏರಿತು. ಬಾಲ ಬಿಸಾಡಿ ಅಕ್ಕಿ ಅಳೆಯುವ ಮರದ ಸೇರನ್ನು ಎತ್ತಿ ಎಡಗಿವಿಯ ಮೇಲೆ ಅಪ್ಪಳಿಸಿದರು. ಒಂದಲ್ಲ, ಮೂರು ಸಲ. ಕಿವಿಯಿಂದ ಇಳಿದ ರಕ್ತ ತೆಂಗಿನ ಹಾಲಿನ ಬಟ್ಟಲಿಗೆ ಬಿತ್ತು. ಸುರುಳಿಯನ್ನು ಕಿತ್ತುಕೊಂಡು ಒಲೆಗೆ ತುರುಕಿದರು. ನಾನು ಗೋಡೆಗೆ ಅಂಟಿ ನಿಂತಿದ್ದೆ. ಹಬ್ಬ ಶನಿವಾರಕ್ಕೇ ಬಿದ್ದದ್ದರಿಂದ, ಆ ದಿನ ಬೇಡವೆಂದು ಹಿಂದಿನ ದಿನವೇ ನಾನು ಆ ಬಾಲಕ್ಕೆ ಎಣ್ಣೆ ಸವರಿದ್ದೆ, ತರಿ ತರಿಯ ಸಂದಿಗೂ. ಈ ಅರವತ್ತರ ಹತ್ತಿರದಲ್ಲೂ ನನ್ನ ಬೆರಳುಗಳ ಮೇಲೆ ನನಗೆ ಸಿಟ್ಟುಂಟು.

ಬಾಪ್ಪು ಅಂದೇ ಒಂದು ಟವೆಲನ್ನು ತಲೆಗೆ ಕಟ್ಟಿಕೊಂಡು ಕಾರ್ಕಳದ ಬಸ್ಸು ಹತ್ತಿದರು. ಆ ಕಿವಿ ಮತ್ತೆ ಕೇಳಲಿಲ್ಲ. ಮಕ್ಕಳು ಎಡಗಡೆ ಕೂತು ಗಲಾಟೆ ಮಾಡಿದರೆ ಗೊತ್ತೇ ಆಗುತ್ತಿರಲಿಲ್ಲವಂತೆ, ಅದಕ್ಕೆ ಮಾಸ್ತರರ ಎಡಗಡೆ ಕೂರಲು ಮಕ್ಕಳಲ್ಲಿ ಜಗಳವಂತೆ. ಶನಿವಾರಗಳು ಬರಿದಾದವು. ಮನೆಯಲ್ಲಿ ಬಾಪ್ಪುವಿನ ಹೆಸರು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ, ಅಮ್ಮ ಮಾತ್ರ ರಾತ್ರಿಯ ತೇರ್ಸದಲ್ಲಿ, ಜಪಸರದ ಕೊನೆಗೆ, ತುಟಿಯೊಳಗೆ ಹೇಳಿಕೊಳ್ಳುತ್ತಿದ್ದರು.

ಒಂದೂವರೆ ವರ್ಷ ಕಳೆದ ಮೇಲೆ ನೋರಾಳ ದಪ್ಪ ಕಾಗದ ಬಂತು. ವಿಳಾಸದಲ್ಲಿ ಬಾಪ್ಪುವಿನ ಹೆಸರು, ಆದರೆ ನಮ್ಮ ಮನೆ. ಅಂಚೆಯವರಿಂದ ತೆಗೆದುಕೊಂಡದ್ದು ಆಬ್. ಕಾನ್ವೆಂಟಿಗೆ ಹೋಗುವವಳು ನಾನೊಬ್ಬಳೇ, ಇಂಗ್ಲಿಷ್ ಬರುವುದು ನನಗೇ. "ಓದು," ಎಂದರು. ಓದಿ ಓದಿ ಕೊಂಕಣಿಯಲ್ಲಿ ಹೇಳಿದೆ. ಬಾಪ್ಪುವಿನ ಕಾಗದ ಬಂದ ಮೇಲೆ ನೋರಾ ತನ್ನ ಸಂಬಂಧಿಕರ ಮನೆಮನೆಗೂ ಬರೆದು ಕೇಳಿದ್ದಳಂತೆ. ಒಬ್ಬರ ಪೆಟ್ಟಿಗೆಯಲ್ಲಿ ಪ್ಯಾಟ್ರಿಕ್ ತನ್ನ ತಂಗಿಗೆ ಕಾಪುವಿನಿಂದ ಬರೆದ ಓಲೆ ಸಿಕ್ಕಿತ್ತು. ಅದರ ನಕಲು ಇದರ ಜೊತೆಗಿತ್ತು. ಮಗು ಅವನದಲ್ಲ. ಪೆದ್ರು ಎಂಬ ಬಡವ, ಬಸುರಿ ಹೆಂಡತಿಯ ಜ್ವರ ಇಳಿಯದಿದ್ದಾಗ ಭೂತದ ಕೋಲಕ್ಕೆ ಹೋಗಿ ಹರಕೆ ಹೊತ್ತನಂತೆ. ವಾಡೆಯವರು ಅವನನ್ನು ಇಗರ್ಜಿಯ ಅಂಗಳದಲ್ಲಿ ಹೊಡೆದು ಹೊರಗೆ ಹಾಕಿದರಂತೆ. ಮೊದಲ ಕೈ ಎತ್ತಿದವನು ಅವನ ಅಪ್ಪನೇ. ಮಗು ಹುಟ್ಟಿದಾಗ ಎತ್ತಿ ಹಿಡಿಯಲು ಯಾರೂ ಬರಲಿಲ್ಲ. ಹಾಗಾಗಿ, "ಇಲ್ಲಿ ನನಗೆ ಯಾರ ಹಂಗೂ ಇಲ್ಲ, ನಾನೇ ಎತ್ತಿಕೊಂಡೆ," ಎಂದು ಪ್ಯಾಟ್ರಿಕ್ ಬರೆದಿದ್ದ.

"ಯಾರೂ ಬರಲಿಲ್ಲವಂತೆಯಾ?" ಎಂದು ಆಬ್ ಕೇಳಿದರು.

"ಇಲ್ಲ ಆಬ್."

"ಪೆದ್ರುವಿನ ಅಪ್ಪ ಕೂಡ?"

"ಇಲ್ಲ."

ಮತ್ತೊಮ್ಮೆ ಓದಿಸಿದರು. ನನಗೆ ಒಳಗೊಳಗೇ ಖುಷಿ. ಬಾಪ್ಪು ಹೇಳಿದ್ದು ತಪ್ಪು, ಆಬ್ ಪೆದ್ರುವಿನ ಮಗನೇ, ಇನ್ನು ಜಗಳಕ್ಕೆ ಕಾರಣವೇ ಇಲ್ಲ, ಬರುವ ಶನಿವಾರ ಬಾಪ್ಪು ಬಂದೇ ಬರುತ್ತಾರೆ ಎಂದು ನನ್ನ ಲೆಕ್ಕ. ಉಳಿದ ಸಾಲುಗಳನ್ನು ಗಟ್ಟಿಯಾಗಿ ಓದಿದೆ. ನೋರಾಳ ಅಜ್ಜಿ ಸಾಯುವವರೆಗೂ ದಿನವೂ ಜಪಸರದಲ್ಲಿ 'ಇಂಡಿಯಾದ ನಮ್ಮ ಪ್ಯಾಟ್ರಿಕ್‌ನ ಮಗು' ಎಂದು ಒಂದು ಪ್ರಾರ್ಥನೆ ಸೇರಿಸುತ್ತಿದ್ದರಂತೆ. ಅವರ ನಂತರ ಮಕ್ಕಳು, ಈಗ ಮೊಮ್ಮಕ್ಕಳು; ಅದು ಯಾವ ಮಗು ಎಂದು ಓಲೆ ಸಿಕ್ಕಿದ ಮೇಲೇ ಅವರಿಗೆ ತಿಳಿಯಿತಂತೆ. ರಕ್ತವಲ್ಲದಿದ್ದರೇನು, ನಮ್ಮ ವೃಕ್ಷದಲ್ಲಿ ಅವನಿಗೊಂದು ಜಾಗ ಇಟ್ಟಿದ್ದೇನೆ, ಅವನು ದೊಡ್ಡವನಾಗಿ ಎಂಥ ಮನುಷ್ಯನಾದ, ದಯವಿಟ್ಟು ಬರೆಯಿರಿ ಎಂದು ನೋರಾ ಕೇಳಿದ್ದಳು.

ಆಬ್ ತಮ್ಮ ಎರಡೂ ಅಂಗೈಗಳನ್ನು ತೊಡೆಯ ಮೇಲಿಟ್ಟು ನೋಡಿಕೊಂಡರು. ಆಮೇಲೆ, "ಮಗು ಸತ್ತಿತು ಎಂದು ಬರಿ," ಎಂದರು.

"ಆಬ್, ನೀವು ಉಂಟಲ್ಲ?"

"ಎರಡು ತಿಂಗಳಿಗೇ ಸತ್ತಿತು ಎಂದು ಬರಿ. ಅವರು ಇಷ್ಟು ವರ್ಷ ಪ್ರಾರ್ಥನೆ ಮಾಡಿದ್ದಕ್ಕೆ ಆದದ್ದು ಇದು ಎಂದು ಹೇಗೆ ಬರೆಯುತ್ತಿ?"

ಬಾಪ್ಪುವಿಗಾದರೂ ಹೇಳಿ ಕಳಿಸುವ ಎಂದೆ. ಯಾವ ಮುಖ ಇಟ್ಟುಕೊಂಡು ಎಂದರು. ನಾನು ಬರೆದೆ. ತಪ್ಪಿಲ್ಲದ ಇಂಗ್ಲಿಷಿನಲ್ಲಿ, ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ದುಂಡು ಅಕ್ಷರದಲ್ಲಿ, ನನ್ನ ಎದುರು ಉಸಿರಾಡುತ್ತಾ ಕೂತಿದ್ದ ಮನುಷ್ಯ ಎರಡು ತಿಂಗಳ ಮಗುವಾಗಿದ್ದಾಗ ತೀರಿಕೊಂಡನೆಂದು ಬರೆದೆ.

ಆ ವರ್ಷವೇ ಆಬ್ ಹಾಸಿಗೆ ಹಿಡಿದರು. ಬಾಪ್ಪು ನೋಡಲು ಬರಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. ಮಣ್ಣಿನ ದಿನ ಮಾತ್ರ ಬಂದು ಸಿಮಿತ್ರಿಯ ಗೇಟಿನ ಹತ್ತಿರ ನಿಂತಿದ್ದರು. ನೋರಾಳ ಕಾಗದವನ್ನು ಅವರ ಕೈಗಿಟ್ಟೆ. ನಿಂತಲ್ಲೇ ಓದಿ ಮಡಚಿದರು. "ಹಾಗಾದರೆ ನಮಗೆ ಇವರೇ ಅಲ್ವಾ ಇದ್ದದ್ದು," ಎಂದು ಗುಂಡಿಯ ಕಡೆ ನೋಡಿದರು. ಮಣ್ಣು ಹಾಕಲು ಮುಂದೆ ಹೋಗಲಿಲ್ಲ. ಅಮ್ಮನ ಕಣ್ಣು ಒಣಗಿತ್ತು, ಬಹ್ರೇನಿನಿಂದ ಬಂದ ಪಪ್ಪನದೂ. ವಾಡೆಯವರು ಸಾಲಾಗಿ ಬಂದು ಹಿಡಿಹಿಡಿ ಮಣ್ಣು ಹಾಕಿ ಕೈ ತೊಳೆದುಕೊಂಡರು. ಆಬ್‌ಗಾಗಿ ನಮ್ಮಲ್ಲಿ ಒಬ್ಬರೂ ಅಳಲಿಲ್ಲ, ನಾನೂ ಅಳಲಿಲ್ಲ.

ನೋರಾಳ ಉತ್ತರ ಬಂದಾಗ ಆಬ್ ಇನ್ನೂ ಇದ್ದರು, ಹಾಸಿಗೆಯ ಪಕ್ಕ ಕೂತು ನಾನೇ ಅವರಿಗೆ ಓದಿ ಹೇಳಿದ್ದೆ. ಮಗು ಸತ್ತ ಸುದ್ದಿ ಕೇಳಿ ನೋರಾಳ ಮನೆಯವರು ತಮ್ಮ ಊರಿನ ಇಗರ್ಜಿಯಲ್ಲಿ ಅದರ ಆತ್ಮಕ್ಕಾಗಿ ಒಂದು ಪೂಜೆ ಇಡಿಸಿದ್ದರು. ಮಳೆಯಿದ್ದರೂ ದೂರದಿಂದ ಸಂಬಂಧಿಕರು ಬಂದಿದ್ದರಂತೆ, ಇಗರ್ಜಿ ತುಂಬಿತ್ತಂತೆ. ನೋರಾಳ ಮುದಿ ಚಿಕ್ಕಮ್ಮ, ಚಿಕ್ಕಂದಿನಿಂದ ಆ ಮಗುವಿಗಾಗಿ ಬೇಡಿಕೊಂಡು ಬಂದವಳು, ಸಮಾಧಾನವೇ ಇಲ್ಲದೆ ಬಿಕ್ಕಿ ಬಿಕ್ಕಿ ಅತ್ತಳಂತೆ.